ಗೇಮು ಬರುವವರೆಗೆ

"ಡ್ರಮ್ಮು ನಂದು! ಮೊದ್ಲೇ ಯೋಳಿವ್ನಿ!"

ಯತೀಶ ಖಾಲಿ ಆಯಿಲ್ ಡಬ್ಬವನ್ನು ಎರಡೂ ಕೈಯಿಂದ ತಬ್ಬಿಕೊಂಡು ಕೂತಿದ್ದ. ಅಂಜುಮ್ ಅದರ ಇನ್ನೊಂದು ಬದಿ ಹಿಡಿದು ಎಳೆಯುತ್ತಿದ್ದಳು.

"ಇದು ನಮ್ಮಬ್ಬನ ಅಂಗಡಿ ಡಬ್ಬ ಕಣ್ಲಾ. ಬುಡ್ಲಾ!"

"ಡಬ್ಬ ನಿಮ್ಮಬ್ಬಂದು. ಐಡಿಯಾ ನಂದು!"

ದೀಪಿಕ ಇಬ್ಬರ ನಡುವೆ ಬಂದು ನಿಂತಳು. ಮೂವರೂ ಭಾರತೀನಗರದ ಶಾಲೆಯಲ್ಲಿ ಒಂದೇ ಕ್ಲಾಸು, ಆರನೆಯದು. ಜಗಳ ಬಿಡಿಸುವ ಕೆಲಸ ಯಾವಾಗಲೂ ದೀಪಿಕಳದೇ.

"ಇಬ್ರೂ ಬಿಡಿ. ನಮ್ಮಣ್ಣ ಏನ್ ಹೇಳಿದ್ದು? ಡ್ರಮ್ಮು ತಾಳ ತಪ್ಪಿದ್ರೆ ಇಡೀ ಬ್ಯಾಂಡೇ ಔಟು. ಒಬ್ಬೊಬ್ರಾಗಿ ಬಾರ್ಸಿ. ಯಾರು ತಪ್ಪಲ್ವೋ ಅವರಿಗೆ ಡ್ರಮ್ಮು."

ಯತೀಶ ಬಾರಿಸಿದ. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ, ಕೊನೆಗೆ ತಗಡಿನ ಮೇಲೆ ಆಲಿಕಲ್ಲು ಸುರಿದ ಹಾಗೆ. ಹೊರಗೆ ಬೈಕಿನ ಚಕ್ರ ಬಿಚ್ಚುತ್ತಿದ್ದ ಅಂಜುಮಳ ಅಬ್ಬಾ ಅಜ್ಮತ್, "ಲೇ, ಡಬ್ಬ ತೂತಾಯ್ತದೆ!" ಎಂದು ಕೂಗಿದರು.

ಅಂಜುಮ್ ಎರಡು ಒಣಕಲು ಕಬ್ಬಿನ ತುಂಡು ಹಿಡಿದು ಕೂತಳು. ಟಕ್ ಟಕ್ ಡುಂ. ಟಕ್ ಟಕ್ ಡುಂ. ಚೆನ್ನಾಗಿ ಟ್ಯೂನ್ ಮಾಡಿದ ಎಂಜಿನ್ ನಿಂತಲ್ಲೇ ಓಡುವ ಹಾಗೆ ತಾಳ ಒಂದೇ ಸಮನೆ ಓಡಿತು. ಯತೀಶ ಮುಖ ಊದಿಸಿಕೊಂಡು ಮುರುಕಲು ಶಟಲ್ ಬ್ಯಾಟನ್ನು ಎತ್ತಿಕೊಂಡ.

"ಓಗ್ಲಿ ಬುಡು. ನಾನು ಗಿಟಾರು."

ಇಷ್ಟಕ್ಕೆಲ್ಲ ಕಾರಣ ರಘುನಂದನ್ ಅಣ್ಣ. ಅವನು ದೀಪಿಕಳ ಅಣ್ಣ, ಮಂಡ್ಯದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ. ಹಿಂದಿನ ಭಾನುವಾರ ಮೊಬೈಲಿನಲ್ಲಿ ಒಂದು ಹೊಸ ವಿಡಿಯೋ ಗೇಮಿನ ಟ್ರೇಲರ್ ತೋರಿಸಿದ್ದ. ಟಿವಿ ಮುಂದೆ ನಾಲ್ಕು ಜನ ನಿಂತಿದ್ದರು. ಇಬ್ಬರ ಹೆಗಲಲ್ಲಿ ಪ್ಲಾಸ್ಟಿಕ್ ಗಿಟಾರು, ತಂತಿಯ ಬದಲು ಬಣ್ಣದ ಬಟನ್ನು. ಒಬ್ಬಳ ಮುಂದೆ ಡ್ರಮ್ಮು. ಇನ್ನೊಬ್ಬಳ ಕೈಯಲ್ಲಿ ಮೈಕು. ಸ್ಕ್ರೀನಿನ ಮೇಲಿಂದ ಬಣ್ಣದ ಚುಕ್ಕಿಗಳು ಜಾರಿ ಬರುತ್ತಿದ್ದವು. ಯಾವ ಬಣ್ಣ ಬಂತೋ ಆ ಬಟನ್ನನ್ನು ಸರಿಯಾದ ಹೊತ್ತಿಗೆ ಒತ್ತಬೇಕು. ಎಲ್ಲರೂ ಸರಿಯಾಗಿ ಆಡಿದರೆ ಹಾಡು ಹೊಮ್ಮುತ್ತದೆ, ಸ್ಕ್ರೀನಿನೊಳಗಿನ ಜನ ಕುಣಿಯುತ್ತಾರೆ.

"ಬುಕ್ ಮಾಡಿದ್ದೀನಿ. ದಸರಾ ಹೊತ್ತಿಗೆ ಬರುತ್ತೆ" ಎಂದಿದ್ದ ರಘುನಂದನ್. "ಎರಡನೇ ಗಿಟಾರು ನಾನು. ನೀವು ಮೂವರು ಪ್ರಾಕ್ಟೀಸ್ ಮಾಡಿಟ್ಕೊಳ್ಳಿ."

ಆ ರಾತ್ರಿ ಖುಷಿಗೆ ಮೂವರೂ ಸರಿಯಾಗಿ ಊಟ ಮಾಡಲಿಲ್ಲ.

ಆ ಮಳೆಗಾಲವೆಂದರೆ ಇವತ್ತಿಗೂ ಅಂಜುಮಳಿಗೆ ಮೊದಲು ನೆನಪಾಗುವುದು ವಾಸನೆ. ಸಕ್ಕರೆ ಕಾರ್ಖಾನೆ ಕಬ್ಬು ಅರೆಯಲು ಶುರುಮಾಡಿದರೆ ಊರಿಗೆ ಊರೇ ಪಾಕ ಕುದಿಸಿದ ಹಾಗೆ ಗಮಗುಡುತ್ತದೆ. ರಸ್ತೆಯ ಒಂದು ಪಕ್ಕ ಕಬ್ಬು ಹೇರಿದ ಟ್ರ್ಯಾಕ್ಟರು, ಎತ್ತಿನಗಾಡಿ, ಮತ್ತೆ ಟ್ರ್ಯಾಕ್ಟರು. ಸರದಿ ಬರುವವರೆಗೆ ಅವರೆಲ್ಲ ಕಾಯಬೇಕು. ಆ ಸಾಲು ಅಜ್ಮತರ ಅಂಗಡಿ ದಾಟಿ ಆಚೆಗೂ ಹೋಗುತ್ತಿತ್ತು.

ಶಾಲೆ ಬಿಟ್ಟ ಕೂಡಲೇ ಮೂವರೂ ಅಂಗಡಿಯ ಪಕ್ಕ ಸೇರುತ್ತಿದ್ದರು. ಹಳೇ ಸ್ಕೂಟರಿನ ಮಡ್‌ಗಾರ್ಡನ್ನು ಅಬ್ಬಾ ತಂತಿಯಲ್ಲಿ ಕಟ್ಟಿ ತೂಗುಹಾಕಿಕೊಟ್ಟಿದ್ದರು. ಅದಕ್ಕೆ ಹೊಡೆದರೆ 'ಝಣ್' ಎನ್ನುತ್ತಿತ್ತು. ದೀಪಿಕಳಿಗೆ ಮೈಕು ಎಂದರೆ ಟೈರಿಗೆ ಗಾಳಿ ಹೊಡೆಯುವ ಪಂಪಿನ ಹಿಡಿಕೆ. ಹಾಡು ಯಾವುದು? ಗೇಮಿನಲ್ಲಿ ಯಾವ ಹಾಡು ಇರುತ್ತದೋ ಯಾರಿಗೆ ಗೊತ್ತು? ಅದಕ್ಕೇ ಯತೀಶ ತಾನೇ ಒಂದು ಕಟ್ಟಿದ. ಅವರಪ್ಪನೂ ಕಬ್ಬು ಹೇರಿಕೊಂಡು ಇದೇ ಸಾಲಿನಲ್ಲಿ ನಿಲ್ಲುತ್ತಿದ್ದರು.

"ಮುಂದಿಂದು ಓಗಲ್ಲ, ಹಿಂದಿಂದು ಬುಡಲ್ಲ,
ನಮ್ಮಪ್ಪನ ಟ್ರ್ಯಾಕ್ಟ್ರು ಅಲ್ಲಾಡಲ್ಲ!"

ಮೊದಲು ಬೈದವರು ನಿಡಘಟ್ಟದ ಕಡೆಯಿಂದ ಬರುತ್ತಿದ್ದ ಅಂಕಯ್ಯ. ಟ್ರ್ಯಾಕ್ಟರಿನ ಸೀಟಿನಲ್ಲಿ ಟವೆಲ್ ಹೊದ್ದು ನಿದ್ದೆ ಮಾಡುತ್ತಿದ್ದವರು ಎದ್ದು ಕೂತು ಕೂಗಿದರು.

"ಯಾವನ್ಲಾ ಅದು ಡಬ್ಬ ಬಡಿಯೋನು?"

"ನಾನು ಕಣಣ್ಣ" ಎಂದಳು ಅಂಜುಮ್, ಹೆದರಿಕೊಂಡು.

ಅಂಕಯ್ಯ ಕಣ್ಣುಜ್ಜಿಕೊಂಡು ನೋಡಿದರು. "ನೀನಾ ಕೂಸು? ಸರಿ, ಬಡಿ. ತಾಳ ಸಂದಾಗದೆ. ಆ ಬ್ಯಾಟು ಇಡ್ಕಂಡವ್ನಲ್ಲ, ಅವ್ನಿಗೆ ಸುಮ್ಕಿರು ಅನ್ನು. ಕತ್ತೆ ಕೂಗ್ದಂಗೆ ಕೂಗ್ತಾನೆ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ಯತೀಶನೂ ನಕ್ಕ. ಅಲ್ಲಿಂದಾಚೆಗೆ ಅಂಕಯ್ಯ ಬಂದಾಗಲೆಲ್ಲ ಅಂಗಡಿಯ ಹತ್ತಿರವೇ ನಿಲ್ಲುವ ಹಾಗೆ ಆಗಲಿ ಎಂದು ಮಕ್ಕಳು ಕಾಯುತ್ತಿದ್ದರು.

ದಸರಾ ಬಂತು, ಗೇಮು ಬರಲಿಲ್ಲ. "ಪೋಸ್ಟ್‌ಪೋನ್ ಆಗಿದೆ, ಸಂಕ್ರಾಂತಿಗೆ ಗ್ಯಾರಂಟಿ" ಎಂದ ರಘುನಂದನ್. ಮೂವರಿಗೂ ಅಳು ಬಂದ ಹಾಗಾಯಿತು.

"ಒಳ್ಳೇದೇ ಆಯ್ತು ಬುಡು. ಇನ್ನೂ ಪ್ರಾಕ್ಟೀಸ್ ಮಾಡಬೋದು" ಎಂದ ಯತೀಶ. ಗೇಮು ಬಂದರೆ ಹೀಗೆ, ಗೇಮು ಬಂದರೆ ಹಾಗೆ ಎಂದು ಮಾತಾಡುತ್ತಾ ಮಾತಾಡುತ್ತಾ ಅವರು ಇನ್ನೊಂದು ಹಾಡು ಕಟ್ಟಿದರು.

ದೀಪಾವಳಿ ಕಳೆದ ಮೇಲೆ ಒಂದು ಸಾಯಂಕಾಲ ಜೋರು ಮಳೆ ಬಂದು ನಿಂತಿತು. ಬೀದಿಯಲ್ಲಿ ಕರೆಂಟು ಹೋಯಿತು. ಸಾಲು ಒಂದು ಗೇಣೂ ಮುಂದಕ್ಕೆ ಸರಿದಿರಲಿಲ್ಲ. ಗಾಡಿಯವರೆಲ್ಲ ಒದ್ದೆ ಟವೆಲ್ ಹಿಂಡುತ್ತಾ, ಗೊಣಗುತ್ತಾ ಅಂಗಡಿಯ ಸೂರಿನ ಕೆಳಗೆ ಬಂದು ಸೇರಿದರು.

"ಎಲ್ಲವ್ರೆ ನಮ್ ಬ್ಯಾಂಡ್ ಸೆಟ್ಟು?" ಎಂದರು ಅಂಕಯ್ಯ. "ಒಂದ್ ಪದ ಯೋಳ್ರವ್ವ. ಮೈ ಬೆಚ್ಚಗಾಗ್ಲಿ."

"ಕತ್ಲಲ್ಲಿ ಎಂಗೆ ಬಾರ್ಸೋದಣ್ಣ?" ಎಂದಳು ಅಂಜುಮ್.

ಅಂಕಯ್ಯ ಹೋಗಿ ಟ್ರ್ಯಾಕ್ಟರಿನ ಹೆಡ್‌ಲೈಟು ಹಾಕಿದರು. ಬೆಳಕು ನೇರ ಮೂವರ ಮೇಲೆ ಬಿತ್ತು. ಅಂಜುಮಳಿಗೆ ಎದುರಿಗೆ ಯಾರೂ ಕಾಣಲಿಲ್ಲ, ಬರೀ ಬೆಳಕು. ಕೈಯಿಂದ ತಡವಿ ಡಬ್ಬದ ಅಂಚು ಹುಡುಕಿಕೊಂಡಳು. ಆಮೇಲೆ ಟಕ್ ಟಕ್ ಡುಂ ಬಾರಿಸಿದಳು. ದೀಪಿಕ ಪಂಪಿನ ಹಿಡಿಕೆ ಬಾಯಿಗೆ ಹಿಡಿದು ಎತ್ತಿದ ದನಿಯಲ್ಲಿ ಶುರುಮಾಡಿದಳು. "ಮುಂದಿಂದು ಓಗಲ್ಲ..."

"ಹಿಂದಿಂದು ಬುಡಲ್ಲ!" ಎಂದು ಕತ್ತಲಲ್ಲಿ ಯಾರೋ ಕೂಗಿದರು. ಮತ್ತೊಬ್ಬರು ಸೇರಿದರು. ಮುಂದಿನ ಟ್ರ್ಯಾಕ್ಟರಿನವನು ತಾಳಕ್ಕೆ ಸರಿಯಾಗಿ ಹಾರನ್ನು ಒತ್ತಿದ. ಒಬ್ಬ ಮುದುಕರು ಎತ್ತಿನ ಕೊರಳ ಗಂಟೆ ಅಲ್ಲಾಡಿಸಿದರು. ಹಾಡು ಮುಗಿಯಲು ಯಾರೂ ಬಿಡಲಿಲ್ಲ. ಕೊನೆಗೆ ಸಾಲು ಸರಿದಾಗಲೂ, "ತಡೀರ್ಲಾ, ಇದೊಂದು ಮುಗೀಲಿ!" ಎಂದು ಅಂಕಯ್ಯ ಟ್ರ್ಯಾಕ್ಟರನ್ನು ಹಾಗೇ ನಿಲ್ಲಿಸಿಕೊಂಡು ಹಿಂದಿನವರಿಂದ ಬೈಸಿಕೊಂಡರು.

"ಗೇಮಲ್ಲೂ ಇಂಗೇ ಕುಣೀತಾರಲ್ವಾ?" ಎಂದ ಯತೀಶ ಮನೆಗೆ ಹೋಗುವಾಗ.

"ಹೂಂ" ಎಂದಳು ದೀಪಿಕ. ಹಾಡಿ ಹಾಡಿ ಅವಳ ಗಂಟಲು ಕಟ್ಟಿಹೋಗಿತ್ತು.

ಸಂಕ್ರಾಂತಿ ಕಳೆಯಿತು. ಗೇಮು ಮತ್ತೆ ಮುಂದಕ್ಕೆ ಹೋಯಿತು. ಕಬ್ಬು ಮುಗಿದು ಕಾರ್ಖಾನೆಯ ಹೊಗೆ ನಿಂತಿತು. ರಸ್ತೆ ಖಾಲಿಯಾಗಿ ಎಷ್ಟು ಅಗಲ ಇದೆ ಎಂದು ಆಗ ಗೊತ್ತಾಯಿತು. ಪರೀಕ್ಷೆಯ ಓದು ಶುರುವಾಯಿತು. ಡಬ್ಬದಲ್ಲಿ ಅಬ್ಬಾ ಹಳೇ ನಟ್ಟು ಬೋಲ್ಟು ತುಂಬಿಟ್ಟರು.

ಒಂದು ಮಧ್ಯಾಹ್ನ ದೀಪಿಕ ಅಂಗಡಿಯ ಕಟ್ಟೆಯ ಮೇಲೆ ಬಂದು ಕೂತಳು. ಅಲ್ಲೇ ಬಿದ್ದಿದ್ದ ಒಂದು ನಟ್ಟನ್ನು ಬೆರಳಲ್ಲಿ ತಿರುಗಿಸಿದಳು.

"ಅಂಜು, ಅಪ್ಪಂಗೆ ಮಂಡ್ಯಕ್ಕೆ ಟ್ರಾನ್ಸ್‌ಫರ್ ಆಯ್ತು. ಅಣ್ಣನ ಕಾಲೇಜೂ ಅಲ್ಲೇ ಅಲ್ವಾ. ಪರೀಕ್ಷೆ ಮುಗಿದ ಮೇಲೆ ಮನೆ ಖಾಲಿ ಮಾಡ್ತೀವಿ."

ಅಂಜುಮ್ ಬಾಯಿಗೆ ಬಂದ ಮೊದಲ ಮಾತನ್ನು ಅಂದೇ ಬಿಟ್ಟಳು.

"ಅಂಗಾರೆ ಗೇಮು?"

ದೀಪಿಕ ಅವಳ ಮುಖವನ್ನೇ ನೋಡಿದಳು. ಆಮೇಲೆ ಎದ್ದು ಲಂಗದ ಧೂಳು ಕೊಡವಿಕೊಂಡಳು.

"ಗೇಮು ಅಣ್ಣಂದು. ನಮ್ಮ ಜೊತೇಲೇ ಬರುತ್ತೆ."

ಹೇಳಿ ಹೊರಟೇಹೋದಳು. ಏನೋ ತಪ್ಪಾಯಿತೆಂದು ಅಂಜುಮಳಿಗೆ ಗೊತ್ತಾಯಿತು. ಏನೆಂದು ಮಾತ್ರ ತಿಳಿಯಲಿಲ್ಲ. ಲಾರಿಗೆ ಸಾಮಾನು ತುಂಬಿದ ದಿನ ದೀಪಿಕ ಯತೀಶನಿಗೆ ಟಾಟಾ ಮಾಡಿದಳು, ಅಂಜುಮಳ ಅಬ್ಬಾಗೂ ಮಾಡಿದಳು. ಅಂಜುಮಳ ಕಡೆ ತಿರುಗುವಷ್ಟರಲ್ಲಿ ಲಾರಿ ಹೊರಟಿತು. ಅಥವಾ ಅವಳು ತಿರುಗಲೇ ಇಲ್ಲವೋ ಏನೋ.

ಬೇಸಿಗೆ ರಜೆಯಲ್ಲಿ ಒಂದು ದಿನ ಅಬ್ಬಾನ ಮೊಬೈಲಿಗೆ ರಘುನಂದನ್ ಫೋನ್ ಮಾಡಿದ.

"ಗೇಮ್ ಬಂತು ಅಂಜುಮ್! ಯತೀಶನ್ನೂ ಕರ್ಕೊಂಡು ಬಾ."

"ದೀಪಿಕ ಏನಂದ್ಲಣ್ಣ?"

"ಅವಳೇನಂತಾಳೆ? ಬನ್ನಿ ಅಷ್ಟೇ."

ಅಬ್ಬಾ ಸ್ಪೇರ್ ತರಲು ಮಂಡ್ಯಕ್ಕೆ ಹೋಗುವ ದಿನ ಇಬ್ಬರನ್ನೂ ಬಸ್ಸಿನಲ್ಲಿ ಕರೆದೊಯ್ದರು. ದೀಪಿಕಳ ಹೊಸ ಮನೆ ಎರಡನೇ ಮಹಡಿಯಲ್ಲಿತ್ತು. ಬಾಗಿಲು ತೆಗೆದ ದೀಪಿಕ "ಬನ್ನಿ" ಎಂದಳು. ಅಷ್ಟೇ ಅಂದಳು.

ಟಿವಿ ಮುಂದೆ ಎಲ್ಲವೂ ಇತ್ತು. ಕೆಂಪು ಗಿಟಾರು, ಕರಿ ಗಿಟಾರು, ಮೈಕು. ನಡುವೆ ಡ್ರಮ್ಮು, ಬಣ್ಣಬಣ್ಣದ ರಬ್ಬರಿನ ತಟ್ಟೆಗಳು. ಅಂಜುಮ್ ಕೋಲು ಹಿಡಿದು ಮೆತ್ತಗೆ ತಟ್ಟಿದಳು. 'ತಪ್' ಎಂದಿತು. ಸದ್ದು ಬರುವುದು ಟಿವಿಯಿಂದ.

ಆಟ ಚೆನ್ನಾಗಿತ್ತು. ಸುಳ್ಳು ಹೇಳಬಾರದು, ತುಂಬಾ ಚೆನ್ನಾಗಿತ್ತು. ಮೊದಲ ಸಲ ಎಲ್ಲರೂ ಔಟಾಗಿ ಬಿದ್ದು ಬಿದ್ದು ನಕ್ಕರು. ಎರಡನೇ ಸಲ ಅಂಜುಮಳ ಕೈ ಚುಕ್ಕಿಗಳ ಜೊತೆ ಓಡಿತು, ಒಂದೂ ತಪ್ಪಲಿಲ್ಲ. ಸ್ಕ್ರೀನಿನ ತುಂಬ ಚಿನ್ನದ ನಕ್ಷತ್ರಗಳು ಉದುರಿದವು. "ಸೂಪರ್ ಕಣಮ್ಮಿ!" ಎಂದು ಯತೀಶ ಕುಣಿದ. ಸ್ಕ್ರೀನಿನೊಳಗಿನ ಜನ ಕೈಯೆತ್ತಿ ಚಪ್ಪಾಳೆ ತಟ್ಟಿದರು. ಅವರನ್ನೇ ನೋಡುತ್ತಿದ್ದ ಅಂಜುಮಳಿಗೆ ಎಲ್ಲರ ಕೈಯೂ ಒಂದೇ ಸಲ ಮೇಲೆ, ಒಂದೇ ಸಲ ಕೆಳಗೆ ಹೋಗುತ್ತಿರುವುದು ಕಾಣಿಸಿತು. ಮುಂದಿನ ಹಾಡಿಗೂ ಅದೇ ಜನ, ಅದೇ ಚಪ್ಪಾಳೆ.

ಮೂರನೇ ಹಾಡಾದ ಮೇಲೆ ದೀಪಿಕ ಮೈಕನ್ನು ಸೋಫಾದ ಮೇಲಿಟ್ಟು ಬಾಲ್ಕನಿಗೆ ಹೋದಳು. ರಘುನಂದನ್ ಮತ್ತು ಯತೀಶ ಗಿಟಾರಿನಲ್ಲೇ ಮುಳುಗಿಹೋಗಿದ್ದರು. ಅಂಜುಮ್ ಕೋಲುಗಳನ್ನು ಕೆಳಗಿಟ್ಟು ಅವಳ ಹಿಂದೆಯೇ ಹೋದಳು.

ಇಬ್ಬರೂ ಕಂಬಿ ಹಿಡಿದು ನಿಂತರು. ಕೆಳಗೆ ರಸ್ತೆ. ಬೈಕು, ಆಟೋ, ಸಿಟಿ ಬಸ್ಸು.

"ದಿನಾ ಹಾಡ್ತೀಯಾ?" ಎಂದಳು ಅಂಜುಮ್.

"ಊಹೂಂ. ಜೋರಾಗಿ ಹಾಡಂಗಿಲ್ಲ. ಕೆಳಗಡೆ ಮನೆಯವರಿಗೆ ತೊಂದರೆ ಆಗುತ್ತಂತೆ." ದೀಪಿಕ ಕೆಳಗಿನ ರಸ್ತೆಯ ಕಡೆ ಕೈ ತೋರಿಸಿದಳು. "ಒಂದಿನ ಇಲ್ಲಿ ನಿಂತ್ಕೊಂಡು ಹಾಡಿದೆ. ಯಾರೂ ತಲೆ ಎತ್ತಿ ನೋಡ್ಲಿಲ್ಲ. ಇಲ್ಲಿ ಯಾರೂ ನಿಂತ್ಕೊಳ್ಳೋದೇ ಇಲ್ಲ ಅಂಜು. ಎಲ್ರೂ ಹೋಗ್ತಾನೇ ಇರ್ತಾರೆ."

ಅಂಜುಮ್ ಬಗ್ಗಿ ನೋಡಿದಳು. ಹೌದು, ಎಲ್ಲರೂ ಹೋಗುತ್ತಲೇ ಇದ್ದರು. ಒಬ್ಬರು ಹೋದರೆ ಹಿಂದೆಯೇ ಇನ್ನೊಬ್ಬರು.

ಅವತ್ತು ಕಟ್ಟೆಯ ಮೇಲೆ ಕೂತಾಗ ಕೇಳಬೇಕಾಗಿದ್ದ ಮಾತು ಈಗ ಅವಳ ನಾಲಿಗೆಗೆ ಬಂತು.

"ದೀಪಿ, ನಿಂಗೆ ಇಲ್ಲಿ ಬೇಜಾರಾಯ್ತದಾ?"

ದೀಪಿಕ ಗದ್ದವನ್ನು ಕಂಬಿಯ ಮೇಲೆ ಊರಿ, ಊರಿದ ಹಾಗೆಯೇ ಹೌದೆಂದು ತಲೆಯಾಡಿಸಿದಳು. ಅಂಜುಮ್ ಅವಳ ಪಕ್ಕಕ್ಕೆ ಇನ್ನಷ್ಟು ಸರಿದು ನಿಂತಳು. ಒಳಗೆ ಟಿವಿಯ ಜನ ಚಪ್ಪಾಳೆ ತಟ್ಟುತ್ತಲೇ ಇದ್ದರು.

"ಮಳೆ ಹಿಡಿದ್ರೆ ಫ್ಯಾಕ್ಟ್ರಿ ಶುರುವಾಯ್ತದೆ" ಎಂದಳು ಅಂಜುಮ್. "ಶನಿವಾರ ಸ್ಕೂಲ್ ಬಿಟ್ಮೇಲೆ ಅಣ್ಣನ ಜೊತೆ ಬಸ್ಸು ಹತ್ತು. ನಾನು ಸ್ಟ್ಯಾಂಡ್‌ಗೆ ಬತ್ತೀನಿ. ನಮ್ಮನೇಲೇ ಉಳ್ಕೋ."

ದೀಪಿಕ ತಿರುಗಿ ನೋಡಿದಳು. ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ಹಳೇ ನಗು ಕಂಡಿತು.

"ಗೇಮ್ ತರ್ಲಾ?"

"ಬ್ಯಾಡ ಕಣೇ" ಎಂದಳು ಅಂಜುಮ್. "ನೀನು ಬಾ."