ಹದಿನಾಲ್ಕು ಫೋನು, ಒಂದು ಫೋಟೊ

ಬೆಳಿಗ್ಗೆ ಎಂಟೂ ಐದಕ್ಕೆ ಭಾವ ಕ್ಯಾಮೆರಾದ ಪುಟ್ಟ ಮುಚ್ಚಳ ತೆಗೆದರು. ಒಳಗೆ ಕಾರ್ಡ್ ಇರಲಿಲ್ಲ.

ಭಾವ ಎಂದರೆ ನನ್ನ ಹೆಂಡತಿಯ ದೊಡ್ಡಣ್ಣ. ಬಾಯಿ ಮಾಡುವುದರಲ್ಲಿ ಮನೆಗೇ ಮೊದಲಿಗರು. ಅವತ್ತು ಮಾತ್ರ ಮೆತ್ತಗೆ, "ಕಾರ್ಡ್ ಯಾರೋ ತೆಗೆದಿದ್ದಾರೆ," ಎಂದಷ್ಟೇ ಹೇಳಿ ಕುರ್ಚಿಯಲ್ಲಿ ಕುಸಿದರು. ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ ಕೈಗಳೆಲ್ಲ ನಿಂತವು.

ಸಣ್ಣ ವಿಷಯವೇನಲ್ಲ. ಏಳು ವರ್ಷದ ಮೇಲೆ ಇಡೀ ಕುಟುಂಬ ರಜೆಗೆಂದು ಒಂದು ಮನೆ ಬಾಡಿಗೆಗೆ ಹಿಡಿದು ಸೇರಿತ್ತು. ಮಕ್ಕಳೂ ಸೇರಿ ಇಪ್ಪತ್ತು ಜನ. ಮೂರು ದಿನ ಭಾವ ತೆಗೆದ ಏಳುನೂರು ಫೋಟೊ ಆ ಉಗುರಿನಷ್ಟಗಲದ ಕಾರ್ಡಿನಲ್ಲಿತ್ತು. ಹತ್ತಕ್ಕೆ ಎಲ್ಲರ ಗ್ರೂಪ್ ಫೋಟೊ ತೆಗೆದು, ದೊಡ್ಡದು ಮಾಡಿಸಿ, ಅತ್ತೆಯವರ ಹಾಲ್ ಗೋಡೆಗೆ ಹಾಕುವುದೆಂದು ತೀರ್ಮಾನವಾಗಿತ್ತು. ಹನ್ನೊಂದಕ್ಕೆ ವ್ಯಾನ್ ಬರುತ್ತದೆ. ಬೇರೆ ಕಾರ್ಡ್ ತಂದಿರಲಿಲ್ಲ. ಅತ್ತೆಯವರಿಗೆ ಎಂಬತ್ತು ದಾಟಿದೆ. ಮತ್ತೆ ಇಷ್ಟೂ ಜನ ಯಾವಾಗ ಒಟ್ಟಿಗೆ ನಿಲ್ಲುತ್ತೇವೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಫೋನಿನಲ್ಲೇ ತೆಗೆದರಾಯಿತಲ್ಲ ಎಂದು ಯಾರೋ ಹೇಳಿದರು. ಭಾವ ಅವರನ್ನು ನೋಡಿದ ರೀತಿಗೆ ಆ ಮಾತು ಅಲ್ಲೇ ಸತ್ತಿತು.

"ಯಾರೂ ಏಳ್ಬೇಡಿ," ಎಂದಳು ನನ್ನ ಹೆಂಡತಿ. "ವ್ಯಾನ್ ಬರೋದ್ರೊಳಗೆ ಹುಡುಕ್ಕೊಡ್ತೀನಿ."

ನನ್ನವಳು ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷದಿಂದ ಎಕ್ಸ್-ರೇ ತೆಗೆಯುವವಳು. ಜನರ ಒಳಗೆ ಏನಿದೆ ಎಂದು ನೋಡುವುದೇ ಅವಳ ಕಸುಬು. ಮನೆಯಲ್ಲಿ ಇದರ ಕಷ್ಟ ನನಗೆ ಗೊತ್ತು.

* * *

ಮೊದಲ ಅನುಮಾನ ನನ್ನ ಮೇಲೇ. ನಾನು ವಕೀಲ, ಆದರೂ ನನ್ನ ಪರವಾಗಿ ಒಬ್ಬರೂ ಬಾಯಿ ಬಿಡಲಿಲ್ಲ.

ಕಾರಣವಿತ್ತು. ಹಿಂದಿನ ದಿನ ಮಧ್ಯಾಹ್ನ ನಾನು ಸೋಫಾದಲ್ಲಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಾಗ ಭಾವ ಮೂರು ಕೋನದಿಂದ ಫೋಟೊ ತೆಗೆದಿದ್ದರು. ಅಳಿಸಿಬಿಡಿ ಎಂದು ನಾನು ಸಂಜೆಯವರೆಗೂ ಅವರ ಹಿಂದೆ ಸುತ್ತಿದ್ದೆ. ಎಲ್ಲರೂ ಅದನ್ನು ನೆನಪಿಟ್ಟುಕೊಂಡಿದ್ದರು.

"ಏಳೂವರೆಯಿಂದ ಎಂಟರವರೆಗೆ ಎಲ್ಲಿದ್ರಿ?" ಹೆಂಡತಿ ಕೇಳಿದಳು.

"ನಿನ್ನ ಪಕ್ಕದಲ್ಲೇ ಮಲಗಿದ್ದೆ."

"ಹೌದು. ಗೊರಕೆ ಕೇಳಿಸ್ತಿತ್ತು." ಹೀಗೆ ನಾನು ಖುಲಾಸೆಯಾದೆ.

ಆ ಅರ್ಧ ಗಂಟೆಯೇ ಯಾಕೆ ಎಂದರೆ, ಏಳೂಕಾಲಿಗೆ ಭಾವ ಅಂಗಳದ ಹೂವಿನ ಫೋಟೊ ತೆಗೆದು, ಸರಿ ಬಂದಿದೆಯೇ ಎಂದು ನೋಡಿದ್ದರು. ಏಳೂವರೆಗೆ ಕ್ಯಾಮೆರಾವನ್ನು ಹಜಾರದ ಗೂಟಕ್ಕೆ ನೇತುಹಾಕಿ ಸ್ನಾನಕ್ಕೆ ಹೋದರು. ಬಂದು ನೋಡಿದಾಗ ಕಾರ್ಡ್ ಮಾಯ.

ಎರಡನೆಯ ಅನುಮಾನ ಟೀಚರಕ್ಕನ ಮೇಲೆ. ಹೆಂಡತಿಯ ಅಕ್ಕ, ಶಾಲೆಯ ಹೆಡ್‌ಮಿಸ್. ಏಳೂ ಮುಕ್ಕಾಲಿಗೆ ಅವರು ಆ ಗೂಟದ ಹತ್ತಿರ ನಿಂತಿದ್ದನ್ನು ಇಬ್ಬರು ನೋಡಿದ್ದರು. ಅವರ ಮುಖ ಕೆಂಪಾಯಿತು. ಕ್ಯಾಮೆರಾ ಮುಟ್ಟಿದ್ದು ನಿಜ ಎಂದು ಒಪ್ಪಿಕೊಂಡರು. ಮೂರನೇ ತುಂಡು ಕೇಕ್ ತಿನ್ನುವ ತಮ್ಮ ಫೋಟೊ ಅಳಿಸಲು ಹೋಗಿದ್ದರಂತೆ. ಎಷ್ಟು ಗುಂಡಿ ಒತ್ತಿದರೂ ಪರದೆಯಲ್ಲಿ ಫೋಟೊಗಳೇ ಬರಲಿಲ್ಲವಂತೆ.

"ಹಾಗಾದ್ರೆ ಮುಕ್ಕಾಲಿಗೇ ಕಾರ್ಡ್ ಹೋಗಿತ್ತು," ಎಂದಳು ನನ್ನವಳು. "ಉಳಿದಿದ್ದು ಹದಿನೈದು ನಿಮಿಷ."

ಆ ಹದಿನೈದು ನಿಮಿಷದಲ್ಲಿ, ನಮ್ಮಿಬ್ಬರನ್ನು ಬಿಟ್ಟರೆ, ಆ ಹಜಾರ ದಾಟದವರೇ ಇರಲಿಲ್ಲ. ಸ್ನಾನದ ಮನೆ, ಅಡುಗೆಮನೆ, ಅಂಗಳ, ಎಲ್ಲದಕ್ಕೂ ಅದೇ ದಾರಿ.

* * *

ನನ್ನವಳು ಕ್ಯಾಮೆರಾವನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಮುಚ್ಚಳ, ಗಾಜು, ಕೊರಳಿಗೆ ಹಾಕುವ ಪಟ್ಟಿ. ಪಟ್ಟಿಯ ಹತ್ತಿರ ಅವಳ ಬೆರಳು ನಿಂತಿತು.

"ಹಳೇದು ತೋರಿಸಿ," ಎಂದಳು.

ಆಸ್ಪತ್ರೆಯಲ್ಲಿ ಅವಳು ಎಲ್ಲರಿಗೂ ಹೇಳುವ ಮಾತದು. ಹಳೇ ಎಕ್ಸ್-ರೇ ಪಕ್ಕದಲ್ಲಿಟ್ಟರೆ ತಾನೇ ಹೊಸದರಲ್ಲಿ ಏನು ಬದಲಾಗಿದೆ ಎಂದು ತಿಳಿಯುವುದು. ಈ ಕ್ಯಾಮೆರಾ ಕಾಣುವ ಹಳೆಯ ಫೋಟೊ ಒಂದು ಬೇಕು ಎಂದಳು. ಭಾವನ ಫೋನಿನಲ್ಲೂ ಅತ್ತೆಯವರ ಫೋನಿನಲ್ಲೂ ಬರೀ ಗುಂಡಿಗಳು, ಕ್ಯಾಮೆರಾ ಇಲ್ಲ. ಉಳಿದ ಹದಿನಾಲ್ಕು ಫೋನುಗಳು ಊಟದ ಮೇಜಿನ ಮೇಲೆ ಸಾಲಾಗಿ ಬಂದು ಕುಳಿತವು.

ಹುಡುಕಿದೆವು. ಮಕ್ಕಳು ಸಿಕ್ಕರು, ಬೆಕ್ಕು ಸಿಕ್ಕಿತು, ಮೆಟ್ಟಿಲಲ್ಲಿ ಒಣಗಿದ ಕಾಲುಚೀಲಗಳೂ ಸಿಕ್ಕವು. ಭಾವನ ಕೊರಳಲ್ಲಿ ಮೂರು ಹೊತ್ತೂ ತೂಗಾಡುವ ಕ್ಯಾಮೆರಾ ಮಾತ್ರ ಎಲ್ಲೂ ಇಲ್ಲ. ಕ್ಯಾಮೆರಾ ಸಿಗಬೇಕಾದರೆ ಭಾವ ಸಿಗಬೇಕಲ್ಲ.

ಅರ್ಧ ಗಂಟೆಯ ಮೇಲೆ ನನ್ನ ಫೋನಿನಲ್ಲಿ ಒಂದು ಸಿಕ್ಕಿತು. ಹಿಂದಿನ ದಿನ ತೆಗೆದ ಬೆಕ್ಕಿನ ಫೋಟೊದ ಮೂಲೆಯಲ್ಲಿ ಭಾವನ ಬೆನ್ನು, ಬಲ ಮೊಣಕೈ, ಕೊರಳ ಪಟ್ಟಿ. ಹೆಂಡತಿ ಅದನ್ನು ದೊಡ್ಡದು ಮಾಡಿ ನೋಡಿದಳು. ಹೊಲಿಗೆ ಬಿಟ್ಟ ಪಟ್ಟಿಯಿಂದ ಗೇಣುದ್ದದ ಕಪ್ಪು ದಾರ ಜೋತಾಡುತ್ತಿತ್ತು.

ಅವಳು ಆ ಚಿತ್ರವನ್ನು ತುಂಬಾ ಹೊತ್ತು ನೋಡಿದಳು. ಕಣ್ಣು ತುಂಬಿ ಬಂದಿತ್ತು. ಏನಾಯಿತೆಂದು ಕೇಳಿದೆ.

"ಯಾರು ಅಂತ ಗೊತ್ತಾಯ್ತು ರೀ," ಎಂದಳು. "ಯಾಕೆ ಅಂತಾನೂ."

* * *

ಒಂಬತ್ತೂವರೆಗೆ ಎಲ್ಲರನ್ನೂ ಹಾಲಿನಲ್ಲಿ ಕೂರಿಸಿದಳು.

"ಪಟ್ಟಿ ನೋಡಿ. ನಿನ್ನೆ ದಾರ ನೇತಾಡ್ತಿತ್ತು. ಈಗಿಲ್ಲ. ಕಿತ್ತು ಹೋಗಿದ್ರೆ ಎಳೆ ಬಿಟ್ಕೊಂಡಿರ್ತಿತ್ತು. ಇಲ್ಲಿ ನಾಲ್ಕು ಹೊಸ ಹೊಲಿಗೆ ಬಿದ್ದಿದೆ. ಗಂಟು ಹಾಕಿ, ಬುಡಕ್ಕೇ ಕತ್ತರಿಸಿದ್ದಾರೆ. ಕದಿಯೋಕೆ ಬಂದವರು ರಿಪೇರಿ ಮಾಡ್ಕೊಟ್ಟು ಹೋಗಿದ್ದಾರೆ."

ಇಪ್ಪತ್ತು ಜನರಲ್ಲಿ ಹತ್ತೊಂಬತ್ತು ಜನ ಆ ದಾರವನ್ನು ಮೂರು ದಿನ ನೋಡಿಯೂ ನೋಡದವರು. ಕೈಗೆ ಸಿಕ್ಕಾಗ ಸುಮ್ಮನೆ ಬಿಡಲಾಗದವರು ಒಬ್ಬರೇ. ನಲವತ್ತು ವರ್ಷ ಊರಿನ ಬಟ್ಟೆ ಹೊಲಿದು ನಾಲ್ಕು ಮಕ್ಕಳನ್ನು ಓದಿಸಿದವರು, ರಜೆಗೆ ಹೊರಟರೂ ಸೂಜಿ ಡಬ್ಬಿ ಬಿಡದವರು.

ಎಲ್ಲರೂ ಅತ್ತೆಯವರ ಕಡೆ ತಿರುಗಿದೆವು.

ಭಾವ ಒಪ್ಪಲಿಲ್ಲ. ಅಮ್ಮನಿಗೆ ಕಾರ್ಡ್ ಎಂದರೇನೆಂದೇ ಗೊತ್ತಿಲ್ಲ ಎಂದು ವಾದಿಸಿದರು. ಆಗ ನನ್ನವಳು ಮೊದಲ ದಿನದ ಸಂಜೆಯನ್ನು ನೆನಪಿಸಿದಳು. ರೀಲ್ ಇಲ್ಲದೆ ಇದರಲ್ಲಿ ಚಿತ್ರ ಎಲ್ಲಿ ಕೂರುತ್ತದೆ ಎಂದು ಅತ್ತೆ ಕೇಳಿದ್ದರು. ಮುಚ್ಚಳ ತೆಗೆದು, ಕಾರ್ಡ್ ಒತ್ತಿ ಹೊರತೆಗೆದು, ಮೂರು ಸಲ ಪಾಠ ಮಾಡಿದವರು ಬೇರೆ ಯಾರೂ ಅಲ್ಲ, ಭಾವನೇ.

ಅತ್ತೆ ಸೂಜಿ ಡಬ್ಬಿ ತೆರೆದರು. ಗುಂಡಿಗಳ ನಡುವೆ ಕಾರ್ಡ್ ಇತ್ತು. ಅದನ್ನು ಸೆರಗಿನಿಂದ ಒರೆಸಿ ಮಗನ ಕೈಗಿಟ್ಟರು. ತಪ್ಪು ಮಾಡಿದ ಮುಖವೇ ಅಲ್ಲ.

"ವ್ಯಾನ್ ಹತ್ತುವಾಗ ಕೊಡೋಣ ಅಂತಿದ್ದೆ," ಎಂದರು. "ಮನೇಲಿ ಆರು ಆಲ್ಬಮ್ ಇದೆ ಕಣೋ. ಆರರಲ್ಲೂ ನೀನಿಲ್ಲ. ಇದು ಕೆಲಸ ಮಾಡದೇ ಇದ್ರೆ ಇವರು ಫೋನಲ್ಲಾದ್ರೂ ತೆಗೀತಾರೆ, ನೀನು ಬಂದು ನನ್ನ ಪಕ್ಕ ಕೂತ್ಕೋತೀಯ ಅನ್ಕೊಂಡೆ."

ನನ್ನವಳು ಹದಿನಾಲ್ಕು ಫೋನುಗಳ ಕಡೆ ಕೈ ತೋರಿಸಿದಳು. "ಅಮ್ಮ ಹೇಳಿದ್ದು ನಿಜ ಅಣ್ಣ. ಮೂರು ದಿನ, ಇಷ್ಟು ಫೋನು. ಸಿಕ್ಕಿದ್ದು ನಿನ್ನ ಬೆನ್ನು ಮಾತ್ರ."

ನಮಗೆಲ್ಲ ನಾಚಿಕೆಯಾಯಿತು, ನನಗಂತೂ ಸ್ವಲ್ಪ ಹೆಚ್ಚೇ. ಫೋಟೊ ಚೆನ್ನಾಗಿ ಬರಲಿಲ್ಲ ಎಂದು ಅವರನ್ನು ಎಷ್ಟು ಕಾಡಿದ್ದೆವು.

* * *

ಆಮೇಲೆ ನಡೆದದ್ದು ಗಲಾಟೆ. ಭಾವ ಕುರ್ಚಿಗಳನ್ನು ಕಿಟಕಿಗೆ ಎದುರಾಗಿ ಹಾಕಿಸಿದರು. ಬೆಳಕು ಮುಖಕ್ಕೆ ಬೀಳಬೇಕಂತೆ. ಎತ್ತರದವರನ್ನು ಹಿಂದೆ ತಳ್ಳಿದರು, ನನ್ನ ಹೊಟ್ಟೆಯ ಮುಂದೆ ಒಂದು ಮಗುವನ್ನು ನಿಲ್ಲಿಸಿದರು. ಎಲ್ಲ ಸರಿಮಾಡಿ, ಅಭ್ಯಾಸಬಲದಿಂದ ಮತ್ತೆ ಕ್ಯಾಮೆರಾದ ಹಿಂದೆ ಹೋಗಿ ನಿಂತರು. ಅತ್ತೆ ಎದ್ದು ಹೋಗಿ ಕೈ ಹಿಡಿದು ಎಳೆದುಕೊಂಡು ಬಂದು ಪಕ್ಕದಲ್ಲಿ ಕೂರಿಸಿಕೊಂಡರು.

ಕ್ಯಾಮೆರಾ ಈಗ ನನ್ನವಳ ಕೈಯಲ್ಲಿ. "ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ. ಬಿಡಿ," ಎಂದಳು. ಬಿಟ್ಟ ಕ್ಷಣಕ್ಕೆ ಒತ್ತಿದಳು. ಉಸಿರು ಬಿಟ್ಟಾಗ ಭುಜ ಇಳಿಯುತ್ತದೆ, ಮುಖ ಸಡಿಲಾಗುತ್ತದೆ, ನಗು ತಾನಾಗಿ ಬರುತ್ತದೆ. ಇಪ್ಪತ್ತು ವರ್ಷ ಉಸಿರು ಬಿಗಿಹಿಡಿದ ಜನರನ್ನೇ ನೋಡಿದವಳಿಗೆ ಅದು ಗೊತ್ತಿತ್ತು.

ವ್ಯಾನಿನ ಡ್ರೈವರ್ ಬೇಗನೇ ಬಂದಿದ್ದರು. ಅವರಿಗೂ ಕಲಿಸಿ, ಎರಡನೆಯದನ್ನು ಅವರಿಂದ ತೆಗೆಸಿ, ನನ್ನವಳೂ ಬಂದು ನಿಂತಳು.

ಭಾವ ಕ್ಯಾಮೆರಾ ತೆಗೆದುಕೊಂಡು ನೋಡಿದರು. ಬೆಳಕಿನ ಬಗ್ಗೆ, ಫೋಕಸ್ ಬಗ್ಗೆ ಏನಾದರೂ ತಪ್ಪು ಹುಡುಕುತ್ತಾರೆ ಎಂದು ಕಾದೆವು. ಅವರು ತಮ್ಮ ಮುಖವನ್ನೇ ದೊಡ್ಡದು ಮಾಡಿಕೊಂಡು ನೋಡುತ್ತಿದ್ದರು. ಮಾವನವರನ್ನು ನಾನು ಕಂಡದ್ದು ಗೋಡೆಯ ಚಿತ್ರದಲ್ಲಿ ಮಾತ್ರ. ಅದೇ ಹಣೆ, ಅದೇ ನಗು.

"ಅಮ್ಮ, ನಾನು ಯಾವಾಗಿಂದ ಅಪ್ಪನ ಥರಾನೇ ಕಾಣ್ತಿದ್ದೀನಿ?"

"ಇಪ್ಪತ್ತು ವರ್ಷ ಆಯ್ತು," ಎಂದರು ಅತ್ತೆ. "ನೋಡ್ಬೇಕು ಅಂದ್ರೆ ನೀನು ಈ ಕಡೆ ಬಂದ್ರೆ ತಾನೆ."

ಭಾವ ಕ್ಯಾಮೆರಾವನ್ನು ಡ್ರೈವರ್ ಕೈಗೆ ಮರಳಿ ಕೊಟ್ಟು, ಇನ್ನೂ ಹತ್ತು ತೆಗೆಯಿರಿ ಎಂದು ಹೇಳಿ, ಓಡಿಬಂದು ಅಮ್ಮನ ಪಕ್ಕ ಕುಳಿತರು.