ಒಂದು ಸ್ವರ ಕಡಿಮೆ

ಬೆಳಿಗ್ಗೆ ಹಕ್ಕಿ ಮಿಂದ ಬಟ್ಟಲಿನ ನೀರು ಹಳದಿಯಾಗಿತ್ತು. ಹಕ್ಕಿಯ ಎದೆ — ಬೂದಿ ಬಣ್ಣ!

ನಮ್ಮ ಪಕ್ಷಿಪಾಲನಾ ಕೇಂದ್ರದಲ್ಲಿದ್ದದ್ದು ಹಳದಿ ಎದೆಯ ಹಾಡುಹಕ್ಕಿ, ಆ ಜಾತಿಯಲ್ಲಿ ಉಳಿದಿದ್ದ ಒಂದೇ ಗಂಡು. ಈಗ ಪಂಜರದಲ್ಲಿ ಕೂತಿದ್ದದ್ದು ಬೇಲಿಬೇಲಿಗೂ ಕಾಣುವ ಮಾಮೂಲಿ ಬೂದುಹಕ್ಕಿ. ಯಾರೋ ಬಣ್ಣ ಬಳಿದು ಕೂರಿಸಿದ್ದರು.

"ಕೀಲಿ ಇವನ ಹತ್ರ ಇತ್ತು. ಇನ್ಯಾರು ಹಕ್ಕಿ ಕದ್ದು ಮಾರ್ತಾರೆ?" ಮೇಲ್ವಿಚಾರಕರು ಕಾವಲುಗಾರನತ್ತ ಕೈ ತೋರಿಸಿದರು. ಪೊಲೀಸರಿಗೆ ಫೋನೂ ಹೋಗಿಯಾಗಿತ್ತು.

"ಕೆಲಸಕ್ಕೆ ಸೇರಿ ಹದಿನೈದು ದಿನ ಆಗಿಲ್ಲಮ್ಮಾ. ನನ್ನ ಮಕ್ಕಳಾಣೆ, ಪಂಜರ ಮುಟ್ಟಿಲ್ಲ!" ಅವನು ನನ್ನ ಚಿಕ್ಕಮ್ಮನಿಗೆ ಕೈಮುಗಿದ.

ಈ ಹಕ್ಕಿಯನ್ನು ಮೊದಲು ಗುರುತಿಸಿದವಳೇ ಚಿಕ್ಕಮ್ಮ. ಮಂಡಿನೋವೆಂದು ಎರಡು ವರ್ಷದಿಂದ ಇತ್ತ ಬಂದಿರಲಿಲ್ಲ. ನಾನೇ ಹಟ ಹಿಡಿದು ಕರೆತಂದಿದ್ದೆ. ಥೂ, ಯಾಕಾದರೂ ಕರೆತಂದೆನೋ!

"ಎಲ್ಲ ಸ್ವಲ್ಪ ಬಾಯಿ ಮುಚ್ಕೊಳ್ಳಿ," ಎಂದಳು ಚಿಕ್ಕಮ್ಮ. " ಅದು ಹಾಡ್ಲಿ."

ಹಕ್ಕಿ ಹಾಡಿತು. ಬೂದುಹಕ್ಕಿಯ ಕೊರಳಲ್ಲಿ ಆ ಅಪರೂಪದ ಹಾಡೇ!

"ಇದು ಒಂದು ದಿನದಲ್ಲಿ ಬರೋ ವಿದ್ಯೆನಾ?" ಎಂದಳು ಚಿಕ್ಕಮ್ಮ. "ಮರಿಯಾಗಿದ್ದಾಗ ತಿಂಗಳುಗಟ್ಟಲೆ ಕೇಳಿದ್ರೆ ಮಾತ್ರ ಕಲಿಯುತ್ತೆ. ಈ ಪಾಪದವನನ್ನ ಬಿಡ್ರೀ."

"ಹಾಗಾದ್ರೆ ಅಸಲಿ ಹಕ್ಕೀನೇ ಕಲಿಸ್ತಾ?" ಮೇಲ್ವಿಚಾರಕರು ಕೇಳಿದರು.

"ಇಲ್ಲ. ಅಸಲಿ ಹಾಡಿಗೆ ಐದು ಸ್ವರ. ಇದು ನಾಲ್ಕಕ್ಕೇ ನಿಲ್ಲಿಸ್ತು. ನೀವೆಲ್ಲ ಬಣ್ಣ ನೋಡಿದ್ರಿ, ಸ್ವರ ಎಣಿಸಲಿಲ್ಲ." ಆಮೇಲೆ ನನ್ನತ್ತ ತಿರುಗಿದಳು. "ಅಸಲಿ ಹಕ್ಕಿ ಹಾಡನ್ನ ರೆಕಾರ್ಡ್ ಮಾಡಿದ್ದು ನೀನಲ್ವೇನೇ? ಅದರಲ್ಲಿ ಎಷ್ಟಿದೆ?"

ಕೊನೆಯ ಸ್ವರದ ಮೇಲೆ ಬಾಗಿಲು ಬಡಿದ ಸದ್ದು ಬಿದ್ದಿತ್ತೆಂದು ನಾನೇ ಅದನ್ನು ಕತ್ತರಿಸಿ, ಮೂಲವನ್ನೂ ಅಳಿಸಿದ್ದೆ. ದಿನವೂ ಅದನ್ನೇ ಕೇಳಿ ನನ್ನ ಕಿವಿಗೂ ನಾಲ್ಕೇ ರೂಢಿಯಾಗಿತ್ತು.

"ನಾಲ್ಕು."

"ಯಾರಿಗೆ ಕೊಟ್ಟಿದ್ದೆ?"

ಕೊಟ್ಟಿದ್ದು ಒಬ್ಬನಿಗೇ — ಕೇಂದ್ರದ ಡಾಕ್ಟರಿಗೆ, ನನ್ನ ಒಡಹುಟ್ಟಿದ ಅಣ್ಣನಿಗೆ. ಅವನು ಬಾಗಿಲ ಬಳಿ ನೆಲ ನೋಡುತ್ತ ನಿಂತಿದ್ದ. ಹೋದ ವರ್ಷ ಹಕ್ಕಿಗೆ ಜ್ವರವೆಂದು ಐದು ತಿಂಗಳು ಚಿಕಿತ್ಸಾ ಕೋಣೆಗೆ ಯಾರನ್ನೂ ಬಿಟ್ಟಿರಲಿಲ್ಲ. ಆಮೇಲೂ ವಾರಕ್ಕೊಮ್ಮೆ ಬಾಗಿಲು ಹಾಕಿಕೊಂಡು ತಪಾಸಣೆ. ಎರಡು ವಾರ ರಜೆ ಮುಗಿಸಿ ಇವತ್ತಷ್ಟೇ ಬಂದಿದ್ದ. ಆ ಎರಡು ವಾರ ಬಣ್ಣ ಬಳಿಯುವವರೇ ಇರಲಿಲ್ಲ!

"ಅಣ್ಣನಿಗೆ," ಎಂದೆ.

"ಹೋದ ವರ್ಷ ರಕ್ತ ತೆಗೆಯುವಾಗ ನನ್ನ ಮುಷ್ಟಿಯಲ್ಲೇ ಸತ್ತೋಯ್ತು ಚಿಕ್ಕಮ್ಮ," ಎಂದ ಅಣ್ಣ. "ಕೊನೇದು... ಹೇಗೆ ಹೇಳ್ಲಿ?"

"ಅದಕ್ಕೆ ಇವನು ಜೈಲಿಗೆ ಹೋಗೋದನ್ನ ನೋಡ್ತಾ ನಿಂತಿದ್ಯೇನೋ?"

"ಆ ಐದನೇ ಸ್ವರ ಹೇಗಿತ್ತು ಚಿಕ್ಕಮ್ಮ?" ನನಗೆ ಅಳು ಬಂತು. ಅವಳು ತುಟಿ ಚೂಪು ಮಾಡಿ ಸಿಳ್ಳೆ ಹಾಕಲು ನೋಡಿದಳು. ಬರೀ ಗಾಳಿ ಬಂತು.

ಹೊರಗೆ ಜೀಪು ನಿಂತ ಸದ್ದಾಯಿತು. ಗೇಟಿನ ಕೀಲಿ ಇನ್ನೂ ಕಾವಲುಗಾರನ ಕೈಯಲ್ಲೇ ಇತ್ತು. ಅವನು ಒಮ್ಮೆ ಅಣ್ಣನನ್ನು ನೋಡಿದ, ಒಮ್ಮೆ ನನ್ನನ್ನು.

"ತೆಗೀಲಾ ಅಕ್ಕಾ?"

"ತೆಗೀಪ್ಪಾ," ಎಂದೆ.