ಡನೀಡನ್ನಿನ ಕೆಂಪು ಕೂದಲಿನ ಹಾಡುಗಾತಿ

"ಇವನನ್ನ ಕ್ಷಮಿಸೋಕೆ ಅವಳಿಗೆ ಒಂದೇ ಒಂದು ಪುಟ ಸಾಕಾಯ್ತಾ? ಒಂದೇ ಪುಟ!"

ಕರ್ಸ್ಟಿ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಕಪ್ಪುಗಳಲ್ಲಿದ್ದ ಚಹಾ ತುಳುಕಿತು.

"ಮದುವೆಗೆ ಒಂದು ವಾರ ಇರುವಾಗ ಹೇಳದೆ ಕೇಳದೆ ಓಡಿಹೋದ ಗಂಡಸು ಈ ಕ್ಯಾಪ್ಟನ್ ಬಾರ್ನಬಿ. ಏಳು ವರ್ಷ ಆದ್ಮೇಲೆ ಬಂದು ಬಾಗಿಲಲ್ಲಿ ನಿಂತ್ಕೋತಾನೆ. ಲೂಸಿಂಡಾ ಕೆನ್ನೆಗೆ ಎರಡು ಬಾರಿಸೋದು ಬಿಟ್ಟು ಅವನ ಎದೆಗೆ ಒರಗ್ತಾಳೆ! ಯಾವ ಹೆಣ್ಣು ಹೀಗೆ ಮಾಡ್ತಾಳೆ? ನಾನಂತೂ ನಂಬಲ್ಲ!"

"ಅವನು ಕ್ಷಮೆ ಕೇಳೋಕೇ ಬಂದಿದ್ದ ಅಂತ ಯಾರು ಹೇಳಿದ್ರು?"

ಗಂಡಸಿನ ಧ್ವನಿ. ಬಾಗಿಲ ಕಡೆಯಿಂದ ಬಂತು.

ಕರ್ಸ್ಟಿಗೆ ತಿರುಗಿ ನೋಡುವ ಅಗತ್ಯವೇ ಇರಲಿಲ್ಲ... ಆ ಧ್ವನಿಯನ್ನು ಮರೆಯಲು ಆರು ವರ್ಷ ಹೆಣಗಾಡಿ ಸೋತವಳು ಅವಳು. ಆದರೂ ತಿರುಗಿದಳು.

ಫರ್ಗಸ್!

ಅದೇ ಅಗಲ ಭುಜ, ಅದೇ ಕೆದರಿದ ತಲೆ. ಕಲ್ಲು ಕೊಯ್ಯುವವನ ಬೂಟುಗಳಿಗೆ ಅದೇ ಬಿಳಿ ಪುಡಿ. ಕಣ್ಣುಗಳು ಮಾತ್ರ ಹೊಸವು. ಆ ಕಣ್ಣುಗಳಲ್ಲಿ ಕೋಪವಿತ್ತು.

'ಇವನಿಗೆ ಕೋಪವೇ? ಓಡಿಹೋದವನು ಇವನು, ಕೋಪವೂ ಇವನಿಗೇ?' ಅವಳ ಮೈ ಉರಿದುಹೋಯಿತು.

ಓಮರು ಊರಿನ ಹಳೆಯ ಧಾನ್ಯದ ಉಗ್ರಾಣದ ಮಹಡಿಯಲ್ಲಿ ತಿಂಗಳಿಗೊಮ್ಮೆ, ಶನಿವಾರ ಮಧ್ಯಾಹ್ನ, ಈ ಓದುಗರ ಬಳಗ ಸೇರುತ್ತದೆ. ಓದುವುದು ಹಳೆಯ ಕಾಲದ ಪ್ರೇಮ ಕಾದಂಬರಿಗಳನ್ನು ಮಾತ್ರ. ಆದರೆ ಇವರನ್ನು ಸುಲಭಕ್ಕೆ ಮೆಚ್ಚಿಸಲಾಗದು. ವರ್ಷಕ್ಕೊಮ್ಮೆ ಊರ ಉತ್ಸವದಲ್ಲಿ ವಿಕ್ಟೋರಿಯಾ ರಾಣಿಯ ಕಾಲದ ಉಡುಪು ತೊಟ್ಟು ಬೀದಿ ಸುತ್ತುವ ಹೆಂಗಸರು ಇವರು. ಒಂದು ನಿಟ್ಟುಸಿರಿಗೆ ನಾಯಕಿಯ ಮೇಲುಡುಪು ಜಾರಿ ಬಿತ್ತು ಎಂದು ಯಾರಾದರೂ ಬರೆದರೆ ಅವರ ಕಥೆ ಮುಗಿದಂತೆಯೇ. ಅಂಥ ಉಡುಪಿನ ಬೆನ್ನ ಮೇಲಿನ ಕೊಕ್ಕೆಗಳನ್ನು ಬಿಚ್ಚಲು ಎಷ್ಟು ಹೊತ್ತು ಬೇಕೆಂದು ಇಲ್ಲಿ ಎಲ್ಲರಿಗೂ ಗೊತ್ತು. ಆ ಉಡುಪುಗಳನ್ನು ಹೊಲಿದುಕೊಡುವವಳೇ ಕರ್ಸ್ಟಿ.

ಬಳಗಕ್ಕೆ ಒಂದು ಕಟ್ಟುನಿಟ್ಟಿನ ನಿಯಮವಿದೆ. ಪುಸ್ತಕದ ಮಾತು ಮಾತ್ರ, ಮನೆಯ ಮಾತು ಎತ್ತುವಂತಿಲ್ಲ. ಎತ್ತಿದವರು ಆ ದಿನದ ಎಂಜಲು ಕಪ್ಪುಗಳನ್ನೆಲ್ಲ ತೊಳೆಯಬೇಕು.

ಬಳಗದ ಯಜಮಾನಿ, ನಿವೃತ್ತ ಮುಖ್ಯೋಪಾಧ್ಯಾಯಿನಿ ಡೋರೀನ್ ಗಂಟಲು ಸರಿಮಾಡಿಕೊಂಡರು.

"ಬಾ ಫರ್ಗಸ್, ಕೂತ್ಕೋ. ಚೀಸ್ ರೋಲ್ ತಗೋ. ಆದ್ರೆ ಇಲ್ಲಿ ಪುಸ್ತಕದ ಮಾತು ಮಾತ್ರ. ಗೊತ್ತಲ್ಲ?"

"ಗೊತ್ತು. ಅಮ್ಮ ಹೇಳ್ತಿದ್ರು. ಪುಸ್ತಕ ಓದ್ಕೊಂಡೇ ಬಂದಿದೀನಿ."

ಅವನು ಕರ್ಸ್ಟಿಯ ಎದುರಿನ ಕುರ್ಚಿಯನ್ನೇ ಎಳೆದುಕೊಂಡು ಕೂತ.

"ಬಾರ್ನಬಿ ಹೇಡಿ. ಒಪ್ತೀನಿ," ಎಂದ. "ಆದ್ರೆ ಲೂಸಿಂಡಾ ಏನು ಸಾಚಾನಾ?"

"ಅವಳೇನು ಮಾಡಿದ್ಲು?" ಕರ್ಸ್ಟಿ ಸಿಡಿದಳು. "ಹೊಲಿಸಿದ ಮದುವೆ ಉಡುಪನ್ನ ಪೆಟ್ಟಿಗೇಲಿ ಮಡಿಚಿಟ್ಟು ಊರವರ ಎದುರು ತಲೆ ಎತ್ತಿ ಓಡಾಡಿದ್ಲು. ಅದು ತಪ್ಪಾ?"

"ಊರವರು ಅವನ ಬಗ್ಗೆ ಕಥೆ ಕಟ್ಟುವಾಗ ಬಾಯಿ ಮುಚ್ಕೊಂಡು ಕೂತಿದ್ಲಲ್ಲ, ಅದು ತಪ್ಪು."

ಡೋರೀನ್ ಗಡಿಬಿಡಿಯಿಂದ ಪುಟ ತಿರುವಿದರು. "ಇದು ಯಾವ ಅಧ್ಯಾಯ? ನಾನು ಓದಿದ ನೆನಪೇ ಇಲ್ವಲ್ಲಾ..."

ಕರ್ಸ್ಟಿ ಕಾಲ ಬಳಿಯಿದ್ದ ಚೀಲವನ್ನು ಹತ್ತಿರ ಎಳೆದುಕೊಂಡಳು.

'ಇವನಿಗೆ ಗೊತ್ತಾಗಿದೆ...'

"ಹೇಳು ಕರ್ಸ್ಟಿ, ಡನೀಡನ್ನಿನ ಹಾಡುಗಾತಿ ಯಾರು?" ಫರ್ಗಸ್‌ನ ಧ್ವನಿ ಏರಿತು. "ಕೆಂಪು ಕೂದಲಂತೆ. ಹೋಟೆಲಲ್ಲಿ ಹಾಡ್ತಾಳಂತೆ. ಅವಳಿಂದ ನನಗೆ ಒಂದು ಮಗು ಬೇರೆ ಇದೆಯಂತೆ! ನಾನು ಡನೀಡನ್ ಪಟ್ಟಣದಲ್ಲಿ ಒಂದು ರಾತ್ರಿ ಕೂಡ ಉಳಿದವನಲ್ಲ!"

"ಫರ್ಗಸ್, ಇದು ಮನೆ ಮಾತಾಯ್ತು..." ಡೋರೀನ್ ತಡೆಯಹೋದರು.

ಮೂಲೆಯಲ್ಲಿ ಹೆಣಿಗೆ ಹಿಡಿದು ಕೂತಿದ್ದ ಹಿನೆಮೋವಾ ಆಂಟಿ ಕೈ ಎತ್ತಿದರು. ಬಳಗದಲ್ಲೇ ಹಿರಿಯರು, ಯಾರ ಮುಲಾಜಿಗೂ ಬೀಳದ ಹೆಂಗಸು.

"ಸುಮ್ನಿರಿ ಡೋರೀನ್. ಕಪ್ಪೆಲ್ಲ ನಾನೇ ತೊಳೀತೀನಿ. ಅವನು ಮಾತಾಡ್ಲಿ."

ಫರ್ಗಸ್ ಉಸಿರು ಎಳೆದುಕೊಂಡ.

"ನಮ್ಮಮ್ಮ ಹೋದ ತಿಂಗಳು ನನ್ನ ಕೈ ಹಿಡ್ಕೊಂಡು ಅತ್ರು. 'ಸಾಯೋದ್ರೊಳಗೆ ಒಂದ್ಸಲ ಮೊಮ್ಮಗೂನ ತೋರ್ಸೋ' ಅಂದ್ರು. ಕಪಾಟು ತೆಗೆದು ತೋರಿಸಿದ್ರು... ಪ್ರತಿ ಚಳಿಗಾಲಕ್ಕೆ ಒಂದು ಸ್ವೆಟರ್ ಹೆಣೆದಿಟ್ಟಿದಾರೆ. ಪ್ರತಿ ವರ್ಷ ಒಂದು ಸೈಜು ದೊಡ್ಡದು. ಇಲ್ಲದ ಮಗುಗೆ!"

ಕರ್ಸ್ಟಿ ಚೀಲ ಎತ್ತಿಕೊಂಡು ಮೆಟ್ಟಿಲಿಳಿದು ಹೊರಗೆ ಓಡಿದಳು.

ಬಂದರಿನ ಕಡೆಯಿಂದ ಬೀಸುತ್ತಿದ್ದ ಗಾಳಿ ಮುಖಕ್ಕೆ ರಾಚಿತು. ಅವಳಿಗೆ ಅದರ ಪರಿವೆಯೇ ಇರಲಿಲ್ಲ.

'ಪಾಪ, ಅವನಮ್ಮ ನೆಟ್ಟಾ... ದೇವರೇ, ನಾನೇನು ಮಾಡಿಬಿಟ್ಟೆ!'

ಆರು ವರ್ಷದ ಹಿಂದೆ ಫರ್ಗಸ್ ಮಾಯವಾದ ವಾರ ಈ ಬಳಗದವರೆಲ್ಲ ಕೇಕು, ಸೂಪು ಹಿಡಿದು ಅವಳ ಮನೆಗೆ ಬಂದಿದ್ದರು. ಎಲ್ಲರದೂ ಒಂದೇ ಪ್ರಶ್ನೆ. ಯಾಕೆ? ಅವಳ ಬಳಿ ಉತ್ತರವಿರಲಿಲ್ಲ. ಕನ್ನಡಿಯ ಮುಂದೆ ನಿಂತು ತನ್ನಲ್ಲೇ ಏನೋ ಕುಂದಿದೆ ಎಂದು ಹುಡುಕುತ್ತಿದ್ದ ದಿನಗಳು ಅವು. ಸುಮ್ಮಸುಮ್ಮನೆ ಬಿಟ್ಟುಹೋದ ನಾಯಕನನ್ನು ಈ ಹೆಂಗಸರು ಎಂದಾದರೂ ಒಪ್ಪಿದ್ದಾರೆಯೇ? "ಬೇರೆ ಯಾರೋ ಇರಬೇಕು ಬಿಡು," ಎಂದು ಒಬ್ಬರು ಅಂದರು. ಕರ್ಸ್ಟಿ ಹೌದೆಂಬಂತೆ ತಲೆಯಾಡಿಸಿದಳು. ತಪ್ಪೆಲ್ಲ ಇನ್ನೊಬ್ಬಳದಾದರೆ ತನ್ನದು ಏನೂ ಉಳಿಯುವುದಿಲ್ಲವಲ್ಲ!

ಮುಂದಿನ ತಿಂಗಳು ಆ 'ಯಾರೋ'ಗೆ ಕೆಂಪು ಕೂದಲು ಬಂತು. ಆಮೇಲೆ ಕಂಠ ಬಂತು. ವರ್ಷ ತುಂಬುವಷ್ಟರಲ್ಲಿ ಮಗುವೂ ಆಯಿತು. ಫರ್ಗಸ್‌ನ ತಾಯಿ ನೆಟ್ಟಾ ಆಗ ಇದೇ ಬಳಗದಲ್ಲಿದ್ದರು. ಒಂದು ಶನಿವಾರ ಅವರು ಕರ್ಸ್ಟಿಯನ್ನೇ ನೇರವಾಗಿ ಕೇಳಿದ್ದರು, "ನಿಜಾನಾ ಮಗಳೇ?" ಎಂದು. ಕರ್ಸ್ಟಿ ತಲೆ ತಗ್ಗಿಸಿ ಕೂತಳು. ನೆಟ್ಟಾ ಮತ್ತೆ ಬರಲಿಲ್ಲ. ಮನೆ ಮಾರಿ ಟಿಮರುವಿನಲ್ಲಿರುವ ಹಿರಿಮಗನ ಹತ್ತಿರ ಹೋಗಿಬಿಟ್ಟರು.

"ಓಡ್ಬೇಡ!" ಹಿಂದಿನಿಂದ ಫರ್ಗಸ್ ಬಂದ. "ಓಡಿ ಏನೂ ಸಿಗಲ್ಲ. ನನ್ನನ್ನ ಕೇಳು."

ಅವಳು ಗಿರ್ರನೆ ತಿರುಗಿದಳು.

"ನಾನು ಸುಮ್ನಿದ್ದೆ, ಹೌದು! ದೊಡ್ಡ ತಪ್ಪು! ನೆಟ್ಟಾ ಕಾಲಿಗೆ ಬೀಳ್ತೀನಿ. ಆದ್ರೆ ಹಾಗೆ ಸುಮ್ನಿರೋ ಗತಿ ನನಗೆ ತಂದವನು ನೀನು! ಯಾಕೆ ಹೋದೆ? ಹೇಳು, ಯಾಕೆ?"

"ಹೆದರಿದೆ."

"ಯಾವುದಕ್ಕೆ?"

"ಗೊತ್ತಿಲ್ಲ..." ಅವನು ನೆಲ ನೋಡಿದ. "ಅಪ್ಪ ನಮ್ಮನ್ನ ಬಿಟ್ಟುಹೋಗಿದ್ದ, ನಾನೂ ಹಾಗೇ ಆಗ್ತೀನೇನೋ ಅಂತ ಹೆದರಿದೆ ಅನ್ನೋಣ ಅಂದ್ಕೊಂಡು ಬಂದೆ. ಕೇಳೋಕೆ ಚೆನ್ನಾಗಿರುತ್ತೆ. ಆದ್ರೆ ನಮ್ಮಣ್ಣನೂ ಅದೇ ಅಪ್ಪನ ಮಗ. ಹೆಂಡತಿ ಮಕ್ಕಳ ಜೊತೆ ಹಾಯಾಗಿದಾನೆ. ಅದು ಸುಳ್ಳು ಕಾರಣ."

"ಹಾಗಾದ್ರೆ ನಿಜ ಏನು?"

"ಉತ್ಸವದ ದಿನವೇ ಮದುವೆ, ಊರೆಲ್ಲ ಬೀದೀಲಿ ನಿಂತು ನೋಡುತ್ತೆ ಅಂದ್ರಲ್ಲ... ಉಸಿರು ಕಟ್ತು. ಗಾಡಿ ಹತ್ತಿದೆ. ಸಂಜೆ ವಾಪಸ್ ಬರೋಣ ಅಂತಲೇ ಹೊರಟಿದ್ದು ಕಣೇ, ಆಣೆ. ಸಂಜೆ ನಾಚಿಕೆ ಆಯ್ತು. ಮಾರನೇ ದಿನ ಇನ್ನೂ ಜಾಸ್ತಿ ಆಯ್ತು. ಹಾಗೇ ಒಂದೊಂದೇ ದಿನ ಸೇರಿ ಇಷ್ಟು ವರ್ಷ ಆಗೋಯ್ತು."

"ಅಷ್ಟೇನಾ?"

"ಅಷ್ಟೇ."

"ನನ್ನಲ್ಲಿ... ನನ್ನಲ್ಲೇನಾದ್ರೂ ಕುಂದು..."

"ನಿನ್ನಲ್ಲಿ ಏನೂ ಇರಲಿಲ್ಲ ಕರ್ಸ್ಟಿ! ಕೊರತೆ ಇದ್ದದ್ದೆಲ್ಲ ನನ್ನಲ್ಲೇ."

ಅವಳು ಕೈಯಲ್ಲಿದ್ದ ಚೀಲದಿಂದ ಅವನ ಎದೆಗೆ ಬಡಿದಳು. ಒಂದು ಸಲ, ಇನ್ನೊಂದು ಸಲ. ಅವನು ಅಲುಗಾಡದೆ ನಿಂತ. ಕೊನೆಗೆ ಚೀಲ ಕೈಜಾರಿ ಬಿತ್ತು, ಅವಳಿಗೆ ಅಳು ಒತ್ತರಿಸಿ ಬಂತು. ಅವನ ಮಾತನ್ನು ಅವಳು ನಂಬಿದ್ದಳು. ಇಷ್ಟು ಮಾನಗೆಟ್ಟ ಕಾರಣವನ್ನು ಯಾವ ಗಂಡಸು ತಾನೇ ಸುಳ್ಳು ಹುಟ್ಟಿಸಿ ಹೇಳುತ್ತಾನೆ?

"ಹೋಗಿ ನಿಮ್ಮಮ್ಮನಿಗೆ ನಿಜ ಹೇಳು," ಎಂದಳು ಮೂಗೊರೆಸಿಕೊಳ್ಳುತ್ತ.

"ಹೇಳಿದೆ. ನಂಬಲ್ಲ. 'ಓಡಿಹೋದವನು ಸುಳ್ಳು ಹೇಳದೆ ಇರ್ತಾನಾ' ಅಂತಾರೆ. ಆ ಹಾಡುಗಾತಿ ಕಥೆಯೇ ಅವರಿಗೆ ಹೆಚ್ಚು ನಿಜ ಅನ್ಸುತ್ತೆ. ನೀನು ಹೇಳಿದ್ರೆ ಮಾತ್ರ ನಂಬ್ತಾರೆ. ಅದಕ್ಕೇ ಬಂದೆ. ಬರಲ್ಲ ಅಂದ್ರೆ ಒತ್ತಾಯ ಮಾಡಲ್ಲ, ಇನ್ನು ಈ ಊರಿಗೆ ಕಾಲೂ ಇಡಲ್ಲ."

ನೆಟ್ಟಾ ಮುಂದೆ ಬಾಯಿ ಬಿಟ್ಟರೆ ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಪಾಪದ ಕರ್ಸ್ಟಿ, ಮೋಸಹೋದ ಕರ್ಸ್ಟಿ ಎಂದು ಆರು ವರ್ಷ ಮರುಕಪಟ್ಟ ಜನ ನಾಳೆಯಿಂದ ಅವಳನ್ನು ಸುಳ್ಳಿ ಎನ್ನುತ್ತಾರೆ. ಅವಳು ಹೊಲಿದ ಉಡುಪು ತೊಡಲೂ ಹಿಂದೆಮುಂದೆ ನೋಡುತ್ತಾರೆ. ಅವಳಿಗೆ ಭಯವಾಯಿತು... ಆದರೆ ಕಪಾಟಿನಲ್ಲಿ ಒಂದರ ಪಕ್ಕ ಒಂದು ಮಡಿಚಿಟ್ಟ ಆ ಪುಟ್ಟ ಸ್ವೆಟರುಗಳು ಕಣ್ಣ ಮುಂದಿನಿಂದ ಸರಿಯಲೇ ಇಲ್ಲ.

ಅವಳು ಚೀಲ ಎತ್ತಿಕೊಂಡಳು. ಅವನ ಗಾಡಿಯ ಕಡೆಗಲ್ಲ, ಉಗ್ರಾಣದ ಮೆಟ್ಟಿಲ ಕಡೆಗೆ ನಡೆದಳು.

"ಎಲ್ಲಿಗೆ?"

"ಮೊದಲು ಇಲ್ಲಿ. ಬಾ."

ಮಹಡಿಯಲ್ಲಿ ಹೆಂಗಸರು ಇನ್ನೂ ಕೂತಲ್ಲೇ ಕೂತಿದ್ದರು. ಕರ್ಸ್ಟಿ ಬಾಗಿಲಲ್ಲೇ ನಿಂತು ಹೇಳಿದಳು.

"ಹಾಡುಗಾತಿ ಇರಲಿಲ್ಲ. ಯಾರೂ ಇರಲಿಲ್ಲ. ಅದು ಕಟ್ಟುಕಥೆ ಅಂತ ನನಗೆ ಮೊದಲಿನಿಂದ್ಲೂ ಗೊತ್ತಿತ್ತು. ನೆಟ್ಟಾ ನನ್ನ ಮುಖ ನೋಡಿ ಕೇಳಿದಾಗ್ಲೂ ನಾನು ಬಾಯಿ ಬಿಡಲಿಲ್ಲ."

ಡೋರೀನ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಕೆಂಪು ಕೂದಲು... ನಾನು ಸೇರಿಸಿದ್ದು."

"ಹಾಡೋದು ಸೇರಿಸಿದ್ದು ನಾನು," ಎಂದರು ಹಿನೆಮೋವಾ ಆಂಟಿ.

"ಮಗು ಯಾರು ಸೇರಿಸಿದ್ದು?" ಫರ್ಗಸ್ ಕೇಳಿದ.

ಕಿಟಕಿಯ ಬಳಿ ಕೂತಿದ್ದ ಒಬ್ಬಾಕೆ ಬಿಕ್ಕಿ ಬಿಕ್ಕಿ ಅಳತೊಡಗಿದಳು.

"ಪರರ ಪುಸ್ತಕದಲ್ಲಿ ಸೊಳ್ಳೆಯಷ್ಟು ತಪ್ಪು ಕಂಡ್ರೂ ಹಿಡಿದು ಜಾಡಿಸ್ತೀವಲ್ಲ," ಹಿನೆಮೋವಾ ಆಂಟಿ ಎದ್ದು ನಿಂತರು. "ಥೂ ನಮ್ಮ ಮೂತಿಗೆ! ಬನ್ನಿ, ಎಲ್ಲಾ ಹೋಗಿ ನೆಟ್ಟಾ ಹತ್ರ ಕ್ಷಮೆ ಕೇಳೋಣ."

"ಇವತ್ತು ಬೇಡ ಆಂಟಿ," ಕರ್ಸ್ಟಿ ಅವರ ಕೈ ಹಿಡಿದಳು. "ಇವತ್ತು ನಾನು ಹೋಗ್ಬೇಕು. ನೀವೆಲ್ಲ ನಾಳೆ ಬನ್ನಿ."

ಫರ್ಗಸ್‌ನ ಹಳೆಯ ಪಿಕಪ್ ಊರು ದಾಟಿ ಟಿಮರು ರಸ್ತೆ ಹಿಡಿಯಿತು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಕುರಿಗಳು ಮೇಯುವ ಹಸಿರು.

"ಕರ್ಸ್ಟಿ..."

"ಏನು?"

"ಈಗಲೂ ನನಗೆ ನೀನೇ ಬೇಕು. ಈ ಮಾತು ಹೇಳೋ ಯೋಗ್ಯತೆ ನನಗಿಲ್ಲ, ಗೊತ್ತು. ಹೇಳದೆ ಇರೋಕೂ ಆಗ್ತಿಲ್ಲ."

ಅವಳು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಕೆನ್ನೆಯ ಮೇಲೆ ಇಳಿದ ಕಣ್ಣೀರನ್ನು ಅವನು ನೋಡುವುದು ಅವಳಿಗೆ ಬೇಡವಾಗಿತ್ತು. ಇಷ್ಟು ವರ್ಷ ಈ ಒಂದು ಮಾತಿಗಾಗಿ ಕಾದಿದ್ದೆ ಎಂದು ಇವನಿಗೆ ಹೇಗೆ ಹೇಳುವುದು? ಹೇಳಿದರೆ ಕೊಬ್ಬಿ ಹೋಗುತ್ತಾನೆ!

"ನನಗೂ ನೀನೇ ಬೇಕಾಗಿತ್ತು," ಎಂದಳು ಕೊನೆಗೆ. "ಈಗಲೂ ಬೇಕು. ಅದಕ್ಕೇ ಇಷ್ಟು ಕೋಪ. ಆ ಕೋಪ ಇನ್ನೂ ಇಳಿದಿಲ್ಲ, ತಿಳ್ಕೋ."

"ಗೊತ್ತು."

"ಬೈಯೋದು ಬಹಳ ಇದೆ. ಆರು ವರ್ಷದ್ದು."

"ಬೈ."

"ಟಿಮರು ಇಷ್ಟು ಬೇಗ ಬಂದ್ರೆ ಹೇಗೆ ಬೈಯೋದು? ನಿಧಾನಕ್ಕೆ ಓಡ್ಸೋ!"

ಫರ್ಗಸ್ ಗಾಡಿಯ ವೇಗ ತಗ್ಗಿಸಿದ. ಕರ್ಸ್ಟಿ ಕಣ್ಣೊರೆಸಿಕೊಂಡು, ಅವನ ಕಡೆ ತಿರುಗಿ ಕೂತು, ಬೈಯಲು ಶುರು ಮಾಡಿದಳು.